ಬಿಸಿಯಾದರೆ ಹಿಡಿಯುವ ಬ್ರೇಕು

ನಮ್ಮ ಭಾವನ ಬಲ ಅಂಗೈಯಲ್ಲಿ ಕುಡುಗೋಲಿನ ಹಾಗೆ ಬಾಗಿದ ಒಂದು ಸುಟ್ಟ ಗುರುತಿತ್ತು. ಕಾದ ಬ್ರೇಕ್ ಡ್ರಮ್ಮಿನ ಅಂಚು ತಾಗಿ ಆದದ್ದು. ಅಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು, ಬಿಸಿ ತಗಲಿದರೆ ತಿಳಿಯುತ್ತಿರಲಿಲ್ಲ. ಹಬೆಯಾಡುವ ಮುದ್ದೆಯನ್ನು ನಾವೆಲ್ಲ ಊದಿ ಊದಿ ಮುರಿಯುತ್ತಿದ್ದರೆ ಭಾವ ದೊಡ್ಡ ತುತ್ತನ್ನು ಕಿತ್ತು ಆ ಗುರುತಿನ ಮೇಲೆ ಹೊರಳಿಸಿ, ಸೊಪ್ಪಿನ ಸಾರಿಗೆ ಅದ್ದಿ ನುಂಗುತ್ತಿದ್ದರು. "ನಂಗೆ ಸುಡಲ್ಲ ಕಣಮ್ಮಿ" ಎಂದು ನನ್ನ ಕಡೆ ನೋಡಿ ನಗುತ್ತಿದ್ದರು. ಆ ಕೈ ನೆನಪಾದರೆ ನನಗೆ ಇವತ್ತಿಗೂ ಮೊದಲು ಬರುವುದು ಪ್ರೀತಿ. ಸಿಟ್ಟು ಅದರ ಬೆನ್ನಿಗೇ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕ್ಯಾಸಂಬಳ್ಳಿ ಕಡೆಯ ಬೇಸಾಯದ ಮನೆಯವರು, ಕೆಲಸ ಮಾತ್ರ ಕೆಜಿಎಫ್‌ನ ಗಣಿಯಲ್ಲಿ. ನಮ್ಮ ತೌರು ಬೂದಿಕೋಟೆಯ ಹತ್ತಿರದ ಹಳ್ಳಿ. ನಾನು ಕಾಲೇಜಿಗೆಂದು ಅಕ್ಕನ ಮನೆಯಲ್ಲಿ ಇದ್ದುಬಿಟ್ಟೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಕ್ಕನಿಗೆ ಆಗ ಒಂದೇ ಮಗು, ಹೆಣ್ಣು, ಇನ್ನೂ ತೊದಲು ಮಾತು.

ಗಣಿಯಲ್ಲಿ ಭಾವ ವೈಂಡರ್ ಡ್ರೈವರ್. ಗಣಿಬಾಯಿಯ ಪಕ್ಕದ ಎಂಜಿನ್ ಮನೆಯಲ್ಲಿ ಲಿವರುಗಳ ನಡುವೆ ಕೂತು, ಆಳುಗಳನ್ನು ತುಂಬಿಕೊಂಡ ಕೇಜನ್ನು ಉಕ್ಕಿನ ಹಗ್ಗದಲ್ಲಿ ಪಾತಾಳಕ್ಕೆ ಇಳಿಸುವುದು, ಮತ್ತೆ ಹತ್ತಿಸುವುದು. ಹಗ್ಗ ಸುತ್ತುವ ಗಾಲಿ ಮನೆಯಷ್ಟು ಎತ್ತರ, ಆ ಗಾಲಿಯನ್ನು ಕಚ್ಚಿ ಹಿಡಿಯುವ ಬ್ರೇಕು ಇವರ ಕೈಯಲ್ಲಿ. ಕೆಲಸದಲ್ಲಿದ್ದಾಗ ಅವರನ್ನು ಯಾರೂ ಮಾತಾಡಿಸಕೂಡದು ಎಂದು ಗೋಡೆಯ ಮೇಲೆ ಬರೆದಿತ್ತಂತೆ. ಆ ಅಭ್ಯಾಸ ಮನೆಗೂ ಬಂದಿತ್ತು. ಭಾವ ಕಾರು ಓಡಿಸುವಾಗ ಒಳಗೆ ಕೂತವರೆಲ್ಲ ಮೌನವ್ರತ. ಅಷ್ಟು ವರ್ಷ ಊರಿನ ಗಂಡಸರನ್ನು ಇಳಿಸಿದವರು ತಾವು ಮಾತ್ರ ಒಂದು ಸಲವೂ ಕೆಳಗೆ ಹೋಗಿರಲಿಲ್ಲ. ಕೇಳಿದರೆ, "ಇಳ್ಸೋನು ಇಳೀಬಾರ್ದು. ಕೆಳ್ಗೆ ಎಂಗದೆ ಅಂತ ಗೊತ್ತಾದ್ರೆ ಕೈ ನಡುಗ್ತದೆ" ಎನ್ನುತ್ತಿದ್ದರು.

ಗಣಿಯ ಸಾಹೇಬರೊಬ್ಬರು ಊರು ಬಿಡುವಾಗ ಮಾರಿದ ಬೂದಿ ಬಣ್ಣದ ಫಿಯೆಟ್ ಕಾರೊಂದು ಭಾವನ ಹತ್ತಿರ ಇತ್ತು. ಹೆಸರಿಗೆ ಕಾರು, ಮಾಡುತ್ತಿದ್ದದ್ದು ಎತ್ತಿನ ಗಾಡಿಯ ಕೆಲಸ. ಬೆಳಗ್ಗೆ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗುತ್ತಿತ್ತು, ಮದುವೆಗೆ ಹೆಣ್ಣು ತರುತ್ತಿತ್ತು, ಬಸುರಿ ಬಾಣಂತಿಯರನ್ನು ಆಸ್ಪತ್ರೆಗೆ ಸಾಗಿಸುತ್ತಿತ್ತು. ಸೀಟಿಗೆ ಹಾಲು ಹುಳಿತ ವಾಸನೆ ಹತ್ತಿ, ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡುತ್ತಿರಲಿಲ್ಲ. ಇಂಥ ಕಾರಿಗೆ ರೇಸಿನ ಹುಚ್ಚು ಹಿಡಿಸಿದ್ದು ಗಣಿಯ ಆಚೆ ಪಾಳುಬಿದ್ದಿದ್ದ, ಹಿಂದೆ ಯಾವ ಕಾಲದಲ್ಲೋ ವಿಮಾನ ಇಳಿಯುತ್ತಿದ್ದ ಮೈದಾನ.

ವರ್ಷದಲ್ಲಿ ಕೆಲವು ಭಾನುವಾರ ಬೆಂಗಳೂರಿನಿಂದ ಮೋಟಾರು ಹುಚ್ಚಿನವರ ಗುಂಪೊಂದು ಅಲ್ಲಿಗೆ ಬರುತ್ತಿತ್ತು. ಅವರವೂ ದಿನಾ ಓಡಿಸುವ ಕಾರುಗಳೇ, ಬಾಗಿಲ ಮೇಲೆ ಸುಣ್ಣದಲ್ಲಿ ನಂಬರು ಬರೆದುಕೊಂಡವು. ಮೈದಾನದ ಎರಡು ತುದಿಗೆ ಒಂದೊಂದು ಖಾಲಿ ಪೀಪಾಯಿ. ನೇರಕ್ಕೆ ಎಷ್ಟು ಜೋರು ಬೇಕಾದರೂ ಹೋಗಬಹುದು, ಆದರೆ ಪೀಪಾಯಿಯ ಹತ್ತಿರ ಬ್ರೇಕು ಒತ್ತಿ ತಿರುಗಿಸಿ ವಾಪಸು ಬರಬೇಕು. ಊರಿನವರೂ ಸೇರಬಹುದು ಎಂದಾಗ ಭಾವ ಹಾಲಿನ ಕ್ಯಾನು ಇಳಿಸಿ ಫಿಯೆಟ್ಟನ್ನು ತೆಗೆದುಕೊಂಡು ಹೋದರು. ಅಕ್ಕ, ನಾನು ಮಗುವನ್ನೆತ್ತಿಕೊಂಡು ಹಿಂದೆಯೇ ಹೋದೆವು. ಮೊದಮೊದಲು ಚೆನ್ನಾಗಿಯೇ ಇತ್ತು. ಮೂರನೆಯ ಸುತ್ತಿಗೋ ಏನೋ ಚಕ್ರಗಳಿಂದ ಹೊಗೆ ಎದ್ದಿತು, ಕಾರು ನಿಲ್ಲಲಿಲ್ಲ. ಪೀಪಾಯಿ ದಾಟಿ ನೇರ ಹೋಗಿ ಜಾಲಿ ಮೆಳೆಯೊಳಗೆ ಮೂತಿ ಹಾಕಿತು. ಮೈಯೆಲ್ಲ ತರಚಿಕೊಂಡು ಭಾವ ಇಳಿದು ಬಂದಾಗ, ಕರಿ ಕನ್ನಡಕದ ಬೆಂಗಳೂರಿನವನೊಬ್ಬ, "ಡ್ರೈವರೇ, ಇದು ನಿಮ್ಮ ಕೇಜ್ ಅಲ್ಲ, ಮೇಲಿಂದ ಹಗ್ಗ ಕಟ್ಟಿಲ್ಲ!" ಎಂದ. ಎಲ್ಲರೂ ನಕ್ಕರು. ನಮ್ಮೂರಿನವರೂ ನಕ್ಕರು.

ಬ್ರೇಕು ಹಿಡಿದು ನಿಲ್ಲಿಸುವುದೇ ಬದುಕಾಗಿದ್ದವರಿಗೆ ಆ ಮಾತು ಚುಚ್ಚದೆ ಇದ್ದೀತೇ? ಮಾರನೆಯ ದಿನದಿಂದ ಭಾವನಿಗೆ ಒಂದೇ ಧ್ಯಾನ. ಬ್ರೇಕ್ ಲೈನರು. ಚಕ್ರದೊಳಗಿನ ಡ್ರಮ್ಮಿಗೆ ಒತ್ತಿಕೊಂಡು ಉಜ್ಜಿ ನಿಲ್ಲಿಸುವ ಆ ಪಟ್ಟಿಯಲ್ಲಿ ನೂರೆಂಟು ಜಾತಿ. ಬಂಗಾರಪೇಟೆಯ ಬಜಾರಿಗೆ ಹೋಗಿ ಬಸ್ಸಿಗೆ ಹಾಕುವುದು, ಲಾರಿಗೆ ಹಾಕುವುದು, ಹಿತ್ತಾಳೆ ಎಳೆ ಹೆಣೆದದ್ದು ಎಂದು ತುಂಡು ತುಂಡು ತಂದು ಜಗಲಿಯ ಮೇಲೆ ಹಪ್ಪಳ ಒಣಗಲು ಇಟ್ಟಂತೆ ಹರಡಿದರು. ಅವನ್ನು ಪರೀಕ್ಷೆ ಮಾಡುತ್ತಿದ್ದದ್ದು ಅಕ್ಕನ ಒಲೆಯಲ್ಲಿ. ರೊಟ್ಟಿ ಹೆಂಚಿನ ಮೇಲೆ ತುಂಡನ್ನು ಕಾಯಿಸಿ, ಇಕ್ಕಳದಲ್ಲಿ ಹಿಡಿದು ಹಳೆಯ ಡ್ರಮ್ಮಿಗೆ ಒತ್ತಿ ಎಳೆದು ನೋಡುತ್ತಿದ್ದರು. ಮನೆ ತುಂಬ ಕೂದಲು ಸುಟ್ಟ ನಾತ.

"ಏನಂದ್ರೆ, ನನ್ನ ಎಂಚಿನ ಮ್ಯಾಲೆ ಕಾರಿನ ಸಾಮಾನು ಬೇಯಿಸ್ತೀರಲ್ಲ, ನಾಳೆ ಅದನ್ನೇ ಸಾರ್ಗಾಕಿ ಇಕ್ತೀನಿ, ಉಣ್ಣೀರಂತೆ" ಎಂದು ಅಕ್ಕ ರೇಗುತ್ತಿದ್ದಳು.

"ತಣ್ಣಗಿದ್ದಾಗ ಎಲ್ಲಾ ಲೈನರೂ ಒಳ್ಳೇದೇ ಕಣೇ. ಕಾದಾಗ ನೋಡ್ಬೇಕು ಅದ್ರ ಯೋಗ್ಯತೆ" ಎಂದು ಭಾವ ನಗುತ್ತಿದ್ದರು. ಆದರೆ ಹಾಗಲ್ಲ ಎಂದು ಅವರಿಗೇ ಬೇಗ ತಿಳಿಯಿತು. ಬಜಾರಿನ ಮೆತ್ತನೆಯ ಲೈನರು ಮುಟ್ಟಿದರೆ ಸಾಕು ಹಿಡಿಯುತ್ತದೆ, ಕಾದರೆ ಕೈ ಬಿಡುತ್ತದೆ. ಗಟ್ಟಿಯದು ಕಾದಷ್ಟೂ ಕಚ್ಚುತ್ತದೆ, ತಣ್ಣಗಿದ್ದಾಗ ಹಲಗೆಗೆ ಹಲಗೆ ಉಜ್ಜಿದಂತೆ ಜಾರುತ್ತದೆ. "ಎರಡೂ ಬುದ್ಧಿ ಒಂದ್ರಲ್ಲೇ ಇರಲ್ಲ ಕಣಮ್ಮಿ. ದಾರಿಗೊಂದು, ಮೈದಾನಕ್ಕೊಂದು" ಎಂದು ನನಗೆ ವಿವರಿಸಿದ್ದರು. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದ ಮನುಷ್ಯ ಎಂಬುದೇ ನನ್ನ ಹೊಟ್ಟೆಯುರಿ.

ಕೊನೆಗೆ ಮೈದಾನಕ್ಕೆಂದು ಅವರು ಆರಿಸಿಕೊಂಡದ್ದು ಬಜಾರಿನದಲ್ಲ, ಗಣಿಯದು, ಎಲ್ಲಕ್ಕಿಂತ ಗಟ್ಟಿಯದು. ವೈಂಡರಿನ ಬ್ರೇಕಿಗೆ ಹೊಸ ಲೈನರು ಹಾಕಿದಾಗ ಕಿತ್ತು ಎಸೆದ ಹಳೆಯ ಪಟ್ಟಿಯ ತುಂಡುಗಳು. ಕೆಜಿಎಫ್‌ನಲ್ಲಿ ಸಂಸಾರ ಮಾಡಿದವರಿಗೆ ಇದು ವಿಚಿತ್ರವೆನಿಸುವುದಿಲ್ಲ. ನಮ್ಮ ಮನೆಗಳಲ್ಲಿ ಬಟ್ಟೆ ಒಣಗುತ್ತಿದ್ದದ್ದು ಗಣಿಯ ತಂತಿಯ ಮೇಲೆ, ದೇವರು ಕೂತಿದ್ದದ್ದು ಮದ್ದಿನ ಪೆಟ್ಟಿಗೆಯ ಹಲಗೆಯಲ್ಲಿ, ಬಾಗಿಲಿಗೆ ಅಡ್ಡ ಇಡುತ್ತಿದ್ದದ್ದು ಬಂಡೆ ಕೊರೆಯುವ ಸಲಾಕೆ. ಗಣಿಯ ಸಾಮಾನೆಂದರೆ ಮುರಿಯದು, ಮೋಸ ಮಾಡದು ಎಂಬ ನಂಬಿಕೆ ನಮಗೆ ತಾಯಿ ಹಾಲಿನಲ್ಲೇ ಬಂದಿತ್ತು. "ಕೇಜಿನ ತುಂಬಾ ಮಂದೀನ ಪಾತಾಳದ ಮ್ಯಾಲೆ ಇಡ್ಕೊಂಡು ನಿಲ್ಲೋ ಮಾಲು ಇದು. ನನ್ನೊಬ್ಬನ್ನ ಇಡ್ಕಳಲ್ವಾ?" ಎಂದರು ಭಾವ. ಕೇಜನ್ನು ಹಿಡಿದು ನಿಲ್ಲಿಸುವುದು ಬೇರೆ, ಓಡುವ ಕಾರನ್ನು ನಿಲ್ಲಿಸುವುದು ಬೇರೆ ಎಂದು ಯಾರಿಗೂ ಹೊಳೆಯಲಿಲ್ಲ. ಜಗಲಿಯಲ್ಲಿ ಕೂತು ವಾರಗಟ್ಟಲೆ ಆ ಪಟ್ಟಿಗಳನ್ನು ಅರದಲ್ಲಿ ಉಜ್ಜಿ ತೆಳ್ಳಗೆ ಮಾಡಿದರು. ಬಿಳಿ ಪುಡಿ ಅವರ ರೆಪ್ಪೆಯ ಮೇಲೆಲ್ಲ ಕೂರುತ್ತಿತ್ತು.

ಮುಂದಿನ ಸಲ ಮೈದಾನದಲ್ಲಿ ಫಿಯೆಟ್ ಗೋಣಿಚೀಲ ಎಸೆದಂತೆ ನಿಂತಿತು. ಬೆಂಗಳೂರಿನವರ ಕಾರುಗಳು ಒಂದೊಂದಾಗಿ ಹೊಗೆ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರೆ ಭಾವನದು ಸುತ್ತಿನಿಂದ ಸುತ್ತಿಗೆ ಚುರುಕಾಗುತ್ತಿತ್ತು. ಕರಿ ಕನ್ನಡಕದವನೇ ಬಂದು ಕೈ ಕುಲುಕಿದ. ಗೆದ್ದದ್ದಕ್ಕೆ ಒಂದು ಸ್ಟೀಲ್ ಕೊಡ ಕೊಟ್ಟರು. ಅಕ್ಕ ಅದನ್ನು ನೀರಿಗೆ ಇಳಿಸದೆ ಕಪಾಟಿನ ಮೇಲೆ ಇಟ್ಟಳು. ನಾವೆಲ್ಲ ಹಿಗ್ಗಿದೆವು. ಹಿಗ್ಗಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

ಮೈದಾನ ಖಾಲಿ ಇದ್ದ ದಿನಗಳ ಸಂಜೆ ಭಾವ ಅಕ್ಕನಿಗೂ ನನಗೂ ಅಲ್ಲೇ ಕಾರು ಕಲಿಸಿದರು. ನಮ್ಮ ಕಡೆ ಆಗ ಸೈಕಲ್ ಹತ್ತಿದ ಹುಡುಗಿಯನ್ನೇ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದರು. ಇವರು ಯಾರಿಗೂ ಸೊಪ್ಪು ಹಾಕಲಿಲ್ಲ. ಕೂಗಾಡಲಿಲ್ಲ, ಸ್ಟೇರಿಂಗಿಗೆ ಕೈ ಹಾಕಲಿಲ್ಲ. "ಗಾಡಿ ಓಡ್ಸೋದು ಯಾವ ಕತ್ತೆಗಾದ್ರೂ ಬತ್ತದೆ. ನಿಲ್ಸೋದು ಕಲೀರಿ" ಎನ್ನುತ್ತಿದ್ದರು. ಅಕ್ಕ ನನಗಿಂತ ಬೇಗ ಕಲಿತಳು, ನನಗಿಂತ ಚೆನ್ನಾಗಿ ಕಲಿತಳು. ಲೈಸೆನ್ಸೂ ಮಾಡಿಸಿಕೊಂಡಳು. ಭಾವನ ಪಾಳಿ ಬದಲಾದಾಗಲೆಲ್ಲ ಹಾಲಿನ ಕ್ಯಾನುಗಳನ್ನು ಡೈರಿಗೆ ಒಯ್ಯುತ್ತಿದ್ದವಳು ಅವಳೇ.

ಅದಕ್ಕೇ ಅಕ್ಕ ಒಂದು ಷರತ್ತು ಹಾಕಿದ್ದಳು. ಭಾನುವಾರ ಗಟ್ಟಿ ಲೈನರು, ಸೋಮವಾರ ಬಿಚ್ಚಿ ಮೆತ್ತನೆಯದು. ಅದೇನು ಸಣ್ಣ ಕೆಲಸವಲ್ಲ. ನಾಲ್ಕೂ ಚಕ್ರ ಕಳಚಿ, ಡ್ರಮ್ ಎಳೆದು, ಸ್ಪ್ರಿಂಗುಗಳನ್ನು ಬಿಡಿಸಿ ಒಂದು ಜೊತೆ ತೆಗೆದು ಇನ್ನೊಂದು ಕೂರಿಸಬೇಕು. ಭಾವ ಬಹಳ ದಿನ ತಪ್ಪದೆ ಮಾಡಿದರು. ಅಕಸ್ಮಾತ್ ಬಿಚ್ಚಲು ಹೊತ್ತು ಸಿಗದ ದಿನ ಗಣಿಯ ಇನ್ನೊಂದು ಪದ್ಧತಿ ಇತ್ತು. ಕೇಜು ಬಹಳ ಹೊತ್ತು ನಿಂತು ಮತ್ತೆ ಹೊರಡುವಾಗ ಮೊದಲ ಸಲ ಖಾಲಿಯಾಗಿ ಇಳಿದು ಹತ್ತಬೇಕು, ಆಮೇಲೆ ಆಳುಗಳು. ಹಾಗೆಯೇ ಭಾವ ಬೆಳಗ್ಗೆ ಖಾಲಿ ಕಾರನ್ನು ದಿಣ್ಣೆಯ ಮೇಲಿನ ರಸ್ತೆಯಲ್ಲಿ ಬ್ರೇಕು ತುಳಿಯುತ್ತಾ ಅತ್ತ ಇತ್ತ ಓಡಿಸಿ, ಲೈನರು ಕಾದ ಮೇಲೆ ಬಾಗಿಲು ತೆಗೆದು, "ಈಗ ಅತ್ಕೊಳ್ಳಿ" ಎನ್ನುತ್ತಿದ್ದರು. ಅಕ್ಕನಿಗೂ ಇದು ಚೆನ್ನಾಗಿ ಗೊತ್ತು. ಗಟ್ಟಿಯದಿದ್ದರೆ ಖಾಲಿ ಓಟ, ಮೆತ್ತನೆಯದಿದ್ದರೆ ನೇರ ಹೊರಡುವುದು. ಒಂದು ದಿನವೂ ಅವಳು ಅದನ್ನು ಮೀರಿದ್ದನ್ನು ನಾನು ಕಾಣೆ.

ಗೆಲುವಿನ ರುಚಿ ಹತ್ತಿದ ಮೇಲೆ ಸೋಮವಾರಗಳು ಮಂಗಳವಾರವಾದವು, ಮಂಗಳವಾರ ಬುಧವಾರವಾಯಿತು. ಅಕ್ಕ ಕೇಳುವಳು, ಇವರು "ಮಾಡ್ತೀನಿ ಇರೇ" ಎನ್ನುವರು. ಆ ಚಳಿಗಾಲದಲ್ಲಿ ಒಂದಾದ ಮೇಲೊಂದು ಎರಡು ಭಾನುವಾರ ಮೈದಾನದ ಓಟ ಇತ್ತು. ನಡುವೆ ಒಂದು ವಾರಕ್ಕೆ ಯಾರು ಬಿಚ್ಚಿ ಹಾಕುತ್ತಾರೆ ಎಂದು ಅವರಿಗೆ ಅನ್ನಿಸಿರಬೇಕು. ಸೋಮವಾರ ಸಂಜೆ ಅಕ್ಕ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ನಾನೂ ಸುಲಿಯುತ್ತಿದ್ದೆ. ಭಾವ ಕೈ ತೊಳೆದುಕೊಂಡು ಒಳಗೆ ಬಂದರು.

"ಬಿಚ್ಚಾಕಿದ್ರಾ?" ಎಂದಳು ಅಕ್ಕ.

"ಊಂ" ಎಂದರು ಭಾವ.

ಅಷ್ಟೇ. ಜಗಳ ಬೇಡ ಎಂದು ಹೇಳಿದ್ದು ಅದು, ಸಾವಿರ ಗಂಡಂದಿರು ದಿನಾ ಹೇಳುವಂಥದ್ದು. ಹೇಳಿ ಮಗುವನ್ನು ಎತ್ತಿಕೊಂಡು ಜಗಲಿಗೆ ಹೋದರು.

ಮಾರನೆಯ ಬೆಳಗ್ಗೆ ಭಾವನ ಪಾಳಿ ಬೇಗ. ಮಂಜು ಮುಸುಕಿತ್ತು. ಅಕ್ಕ ಸ್ವೆಟರಿನ ಮೇಲೆ ಸೆರಗು ಬಿಗಿದು, ಕ್ಯಾನುಗಳನ್ನು ಹಿಂದಿನ ಸೀಟಿಗೆ ಏರಿಸಿ, "ಮಗು ಎದ್ರೆ ಆಲು ಕಾಯ್ಸಿಕೊಡು" ಎಂದು ನನಗೆ ಹೇಳಿ ಹೊರಟಳು. ನಮ್ಮ ಮನೆ ದಿಣ್ಣೆಯ ಮೇಲೆ. ಮನೆ ಬಿಟ್ಟರೆ ಇಳಿಜಾರು, ಇಳಿಜಾರು ಮುಗಿಯುವಲ್ಲಿ ರೈಲ್ವೆ ಗೇಟು. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹೋಗುವ ಬೆಳಗಿನ ರೈಲಿಗೆ ಗೇಟು ಹಾಕಿತ್ತು. ಗೇಟಿನ ಮುಂದೆ ಸೈಕಲ್ಲಿನವರು, ಬುತ್ತಿ ಹಿಡಿದ ಹೆಂಗಸರು, ಸ್ಕೂಲು ಮಕ್ಕಳು ನಿಂತಿದ್ದರು. ಕಾರು ಹಾರನ್ನು ಬಾರಿಸುತ್ತಲೇ ಇಳಿದು ಬಂತು, ಜನರ ಹತ್ತಿರ ಬಂದಾಗ ಬಲಕ್ಕೆ ತಿರುಗಿ ಚರಂಡಿ ಹಾರಿ ಕಲ್ಲುರಾಶಿಗೆ ಹೊಡೆಯಿತು ಎಂದು ನೋಡಿದವರು ಹೇಳಿದರು. ನಿಂತಿದ್ದವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ನಾನು ಓಡಿ ಹೋದಾಗ ರಸ್ತೆಯ ತುಂಬ ಹಾಲು. ಅಕ್ಕ ಆಸ್ಪತ್ರೆ ಮುಟ್ಟಲಿಲ್ಲ.

ಮೂರನೆಯ ದಿನ ಹಾಲುತುಪ್ಪ ಬಿಟ್ಟು ಎಲ್ಲರೂ ಮನೆಗೆ ಬಂದರು, ಭಾವ ಮಾತ್ರ ಕಾಣಲಿಲ್ಲ. ಏನಾದರೂ ಮಾಡಿಕೊಂಡಾರೆಂದು ಹೆದರಿ ಹುಡುಕಿಕೊಂಡು ಹೋದೆ. ಗೇಟಿನ ಹತ್ತಿರ ಕಾರು ಬಿದ್ದಲ್ಲೇ ಬಿದ್ದಿತ್ತು. ಭಾವ ತಲೆ ಬೋಳಿಸಿಕೊಂಡವರು ಮಣ್ಣಿನಲ್ಲಿ ಕೂತು ಚಕ್ರ ಬಿಚ್ಚಿದ್ದರು. ಪಕ್ಕದ ಚೀಲದಲ್ಲಿ ಬಜಾರಿನ ಮೆತ್ತನೆಯ ಲೈನರು, ಕೈಯಲ್ಲಿ ಗಣಿಯದು. ಮಾರನೆಯ ದಿನ ಗಾಡಿ ನೋಡಲು ಬ್ರೇಕ್ ಇನ್‌ಸ್ಪೆಕ್ಟರು ಬರುವವರಿದ್ದರು. ನನಗೆ ನಿಂತಲ್ಲೇ ಎಲ್ಲ ಅರ್ಥವಾಯಿತು.

"ಭಾವ, ಬಿಚ್ಚಾಕಿದೀನಿ ಅಂದ್ರಲ್ಲ ಅವತ್ತು" ಎಂದೆ.

ಅವರು ತಲೆ ಎತ್ತಲಿಲ್ಲ. "ಮನೆಗೋಗಮ್ಮಿ" ಎಂದರು. ಮತ್ತೆ ಸ್ಪ್ರಿಂಗು ಕೂರಿಸತೊಡಗಿದರು.

ಇನ್‌ಸ್ಪೆಕ್ಟರು ಬಂದು ನೋಡಿ, ಬ್ರೇಕು ಸರಿಯಾಗಿದೆ, ಓಡಿಸಿದವರ ತಪ್ಪು ಎಂದು ಬರೆದುಕೊಂಡು ಹೋದರು. ಅವರಾದರೂ ಏನು ಮಾಡಿಯಾರು, ಕಣ್ಣಿಗೆ ಕಂಡದ್ದು ಬರೆದರು. ಊರಿಗೆ ಅಷ್ಟು ಸಾಕಾಯಿತು. ಹೆಂಗಸಿನ ಕೈಗೆ ಗಾಡಿ ಕೊಟ್ಟರೆ ಇನ್ನೇನಾಗುತ್ತದೆ ಎಂದರು. ಬ್ರೇಕು ಒತ್ತುವ ಬದಲು ಇನ್ನೊಂದು ಒತ್ತಿದ್ದಾಳೆ ಎಂದರು. ಗೇಟಿನ ಮುಂದೆ ನಿಂತು ಬದುಕಿಕೊಂಡವರೂ ಅದನ್ನೇ ಹೇಳಿದರು. ಪಾಪ, ಆ ಮನುಷ್ಯ ಇಷ್ಟು ವರ್ಷ ಊರಿನ ಗಂಡಸರನ್ನೆಲ್ಲ ಕೂದಲು ಕೊಂಕದಂತೆ ಇಳಿಸಿ ಹತ್ತಿಸಿದ, ಅವನ ಹೆಂಡತಿಗೆ ಒಂದು ಬ್ರೇಕು ತುಳಿಯಲು ಬರಲಿಲ್ಲವಲ್ಲ ಎಂದು ನಮ್ಮ ಜಗಲಿಯಲ್ಲೇ ಕೂತು ಮರುಗಿದರು. ಭಾವ ತಲೆ ತಗ್ಗಿಸಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಅಲ್ಲ ಎನ್ನಲಿಲ್ಲ.

ನಾನು ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಕೆನ್ನೆಗೆ ಬಿಟ್ಟಳು. ಆಮೇಲೆ ತಾನೇ ಅತ್ತು, "ಓಗೋಳು ಓದ್ಲು. ಆ ಕೂಸು ಅವ್ನ ಕೈಲಿ ಬೆಳೀಬೇಕು. ಅವ್ನು ಜೈಲಿಗೋದ್ರೆ ನೀನು ಸಾಕ್ತೀಯಾ? ಬಾಯಿ ಮುಚ್ಕೊಂಡಿರು" ಎಂದು ಮಗುವಿನ ತಲೆ ಮುಟ್ಟಿಸಿ ಆಣೆ ಮಾಡಿಸಿದಳು. ಅಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅಂಥ ಸರಿಯಾದ ಮಾತನ್ನು ನುಂಗಿ ಬದುಕುವುದು ಎಂದರೆ ಏನೆಂದು ನುಂಗಿದವರಿಗೇ ಗೊತ್ತು.

ಭಾವ ಮತ್ತೆ ಮದುವೆಯಾಗಲಿಲ್ಲ. ಮೈದಾನದ ಕಡೆ ತಲೆ ಹಾಕಲಿಲ್ಲ. ಮಗಳ ತಲೆ ಬಾಚಿ, ಜಡೆ ಹಾಕಿ, ಬುತ್ತಿ ಕಟ್ಟಿ ಸ್ಕೂಲಿಗೆ ಕಳಿಸಿ, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಅಂಥ ಅಪ್ಪ ಸಿಕ್ಕಬೇಕಾದರೆ ಪುಣ್ಯ ಮಾಡಿರಬೇಕು ಎಂದು ಜನ ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅದೂ ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಮದುವೆ ಮುರಿದು ನಾನು ಬಂಗಾರಪೇಟೆಯಲ್ಲಿ ಹೆಂಗಸರಿಗೆ ಕಾರು ಕಲಿಸುತ್ತೇನೆ ಎಂದು ಹೊರಟಾಗ ಇಡೀ ಬಳಗ ಎದ್ದು ನಿಂತಿತು. ಒಬ್ಬಳನ್ನು ಗಾಡಿ ತಿಂದದ್ದು ಸಾಲದೇ ಎಂದರು. ಭಾವ ಒಬ್ಬರೇ ಎದ್ದು ಬಂದು, "ಅವ್ಳಿಗೆ ನಾನು ಕಲ್ಸಿದೀನಿ, ಅವ್ಳು ಓಡಿಸ್ತಾಳೆ" ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಅಕ್ಕನ ವಿಷಯದಲ್ಲಿ ಈ ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು? ನಾನು ಉಣ್ಣುವ ಅನ್ನ ಆ ಮನುಷ್ಯ ಕಲಿಸಿದ ವಿದ್ಯೆಯದು. ಅದು ಸುಳ್ಳಾಗಬಾರದೇ ಎಂದು ಎಷ್ಟೋ ಸಲ ಅನ್ನಿಸಿದೆ.

ತೊಂಬತ್ತರ ದಶಕದಲ್ಲಿ ಅವರ ಎದೆ ಕೆಟ್ಟಿತು, ಧೂಳು ಕುಡಿದವರಿಗೆ ಬರುವ ಉಸಿರಿನ ಕಾಯಿಲೆ. ಗಣಿಯೊಳಕ್ಕೆ ಒಂದು ದಿನವೂ ಇಳಿಯದವರಿಗೆ ಇದೆಲ್ಲಿಂದ ಬಂತು ಎಂದು ಡಾಕ್ಟರು ಕೇಳಿದರಂತೆ. ನನಗೆ ಜಗಲಿಯ ಆ ಬಿಳಿ ಪುಡಿ ನೆನಪಾಯಿತು. ಆಸ್ಪತ್ರೆಯಲ್ಲಿ ಮಗಳೇ ಪಕ್ಕದಲ್ಲಿ ಕೂತು ಚಮಚದಲ್ಲಿ ನೀರು ಬಿಡುತ್ತಿದ್ದಳು. ಅಷ್ಟು ಹೊತ್ತಿಗೆ ಕಾಲೇಜು ಮುಗಿಸಿದ್ದಳು, ಅಕ್ಕನದೇ ಕಣ್ಣು. ಆಣೆ ಮಾಡಿಸಿದ್ದ ನನ್ನ ಅಮ್ಮ ತೀರಿಕೊಂಡು ಆಗಲೇ ವರ್ಷವಾಗಿತ್ತು. ನಾನು ಒಳಗೆ ಹೋದಾಗ ಅವಳು, "ಚಿಕ್ಕಮ್ಮ, ನೀನು ಕಾರಲ್ಲಿ ಬರ್ಬೇಡ, ಬಸ್ಸಲ್ಲಿ ಬಾ. ಅಮ್ಮಂಗೂ ಇಂಗೇ ಧೈರ್ಯ ಜಾಸ್ತಿ ಆಗಿತ್ತಂತೆ. ಸರಿಯಾಗಿ ಬರ್ದೇ ಇದ್ರೂ ಓಡಿಸಾಕೋಗಿ ನನ್ನ ಬಿಟ್ಟೋದ್ಲು" ಎಂದಳು. ಅವಳ ದನಿಯಲ್ಲಿದ್ದದ್ದು ದುಃಖ ಮಾತ್ರವಲ್ಲ, ತಾಯಿಯ ಮೇಲಿನ ಕೋಪ. ಅಷ್ಟು ವರ್ಷ ಅದನ್ನು ಇಟ್ಟುಕೊಂಡೇ ಬೆಳೆದಿದ್ದಳು.

ನನ್ನಿಂದ ತಡೆಯಲಾಗಲಿಲ್ಲ. ಹಾಸಿಗೆಯ ಹತ್ತಿರ ಹೋಗಿ, "ಭಾವ, ಅವ್ಳಿಗೆ ನಿಜ ಏಳ್ರಿ" ಎಂದೆ.

ಅವರು ಕಣ್ಣು ಮುಚ್ಚಿದರು. ಹೇಳುವುದಿಲ್ಲ ಎಂದೇ ನಾನು ತಿಳಿದೆ. ಆದರೆ ಕಣ್ಣು ಮುಚ್ಚಿಕೊಂಡೇ, ಉಸಿರಿಗೊಂದು ಮಾತಿನಂತೆ ಹೇಳಿದರು. "ನಿಮ್ಮಮ್ಮ ಚೆನ್ನಾಗಿ ಓಡಿಸ್ತಿದ್ಲು ಪುಟ್ಟಿ. ಬ್ರೇಕು ಒತ್ತಿದ್ಲು. ಇಡೀಲಿಲ್ಲ. ರೇಸಿನ ಲೈನರು ನಾನು ಬಿಚ್ಚಿರ್ಲಿಲ್ಲ. ಬಿಚ್ಚಾಕಿದೀನಿ ಅಂತ ಸುಳ್ಳೇಳಿದ್ದೆ. ಆಮ್ಯಾಕೆ ಯಾರಿಗೂ ಕಾಣ್ದಂಗೆ ನಾನೇ ಬದಲಾಯಿಸ್ದೆ."

ಹುಡುಗಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು.

"ಎಲ್ರೂ ಅಮ್ಮನ್ನ ಅಂದಾಡುವಾಗ ನೀನು ಅಲ್ಲೇ ಕೂತು ಕೇಳಿಸ್ಕೊಂಡ್ಯಾ ಅಪ್ಪ?" ಎಂದಳು.

"ಊಂ" ಎಂದರು.

ಅವಳು ಕೈಯಲ್ಲಿದ್ದ ಲೋಟ, ಚಮಚ ಎರಡನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ಎದ್ದು ಹೋದಳು. ವಾರ್ಡಿನ ಉದ್ದಕ್ಕೂ ನಡೆದು, ಮೆಟ್ಟಿಲಿಳಿದು, ಆಸ್ಪತ್ರೆಯ ಗೇಟು ದಾಟಿದ್ದನ್ನು ಕಿಟಕಿಯಿಂದ ನೋಡಿದೆ. ಸಂಜೆಯವರೆಗೂ ಕಾದೆ, ಬರಲಿಲ್ಲ. ಭಾವನಿಗೆ ಎದುರುಸಿರು ಶುರುವಾದಾಗ ನರ್ಸು ಬಂದು, ಮಕ್ಕಳಿದ್ದರೆ ಬಾಯಿಗೆ ನೀರು ಬಿಡಲು ಹೇಳಿ ಎಂದಳು. ಅ‌ವರ ಕಣ್ಣು ಬಾಗಿಲ ಕಡೆಯೇ ಇತ್ತು. ಬೇರೆ ಯಾರೂ ಇರಲಿಲ್ಲ, ನಾನೇ ಚಮಚ ತೆಗೆದುಕೊಂಡೆ. ಮೊದಲನೆಯದು ಒಳಗೆ ಹೋಯಿತು. ಎರಡನೆಯದು ಕಟವಾಯಿಯಿಂದ ಹೊರಗೆ ಹರಿಯಿತು, ಸೆರಗಿನಲ್ಲಿ ಒರೆಸಿದೆ.